ಸಂತೆಯ ಕೂಗಿನಿಂದ ಶೋಧಯಂತ್ರದವರೆಗೆ: ಹುಣಸೂರು ಸೀಮೆಯ ಹಕ್ಕಿಪಿಕ್ಕಿ ಸಮುದಾಯದ ಮಾರಾಟ ಪರಂಪರೆ

ಪ್ರವೇಶ

ಜಾನಪದ ಅಧ್ಯಯನವು ಕನ್ನಡದಲ್ಲಿ ಬಹುಕಾಲ ಹಾಡು, ಕಥೆ, ಗಾದೆ, ಒಗಟು, ಆಚರಣೆಗಳನ್ನು ತನ್ನ ಮುಖ್ಯ ವಸ್ತುವಾಗಿ ಸ್ವೀಕರಿಸಿದೆ. ವ್ಯಾಪಾರಕ್ಕೆ ಸಂಬಂಧಿಸಿದ ಮೌಖಿಕ ಪರಂಪರೆಯ ಕಡೆಗೆ ನಮ್ಮ ವಿದ್ವಾಂಸರ ಗಮನ ಹರಿದದ್ದು ಕಡಿಮೆ. ಬಳೆಗಾರನನ್ನು ಕುರಿತ ಹಾಡುಗಳನ್ನು ನಾವು ಸಂಗ್ರಹಿಸಿದ್ದೇವೆ; ಬಳೆಗಾರನು ಬೀದಿಯಲ್ಲಿ ಕೂಗುತ್ತಿದ್ದ ಕೂಗನ್ನು ಸಂಗ್ರಹಿಸಿಲ್ಲ. ಹಾಡು ಸಾಹಿತ್ಯವೆಂದೂ ಕೂಗು ಬರಿಯ ಸದ್ದೆಂದೂ ಭಾವಿಸಿದ್ದು ಇದಕ್ಕೆ ಕಾರಣವಿರಬಹುದು. ಆದರೆ ಮಾರುವವನ ಮಾತು ಕೂಡ ತಲೆಮಾರಿನಿಂದ ತಲೆಮಾರಿಗೆ ಕಲಿತು ಬಂದದ್ದು, ಅದಕ್ಕೂ ಆರಂಭ, ಬೆಳವಣಿಗೆ, ಮುಕ್ತಾಯಗಳಿವೆ, ಅದಕ್ಕೂ ಸೂತ್ರಗಳಿವೆ.

ಇಂದು ವ್ಯಾಪಾರದ ಮಾತು ಸಂತೆಯ ಬಯಲನ್ನು ಬಿಟ್ಟು ಅಂತರ್ಜಾಲಕ್ಕೆ ಬಂದಿದೆ. ಮಾರುವವನ ಹೆಸರು ಶೋಧಯಂತ್ರದ ಮೊದಲ ಪುಟದಲ್ಲಿ ಕಾಣುವಂತೆ ಮಾಡುವುದೇ ಒಂದು ವೃತ್ತಿಯಾಗಿ ಬೆಳೆದಿದೆ. ಇದು ನಗರದ, ವಿದ್ಯಾವಂತರ, ಇಂಗ್ಲಿಷ್ ಬಲ್ಲವರ ಕ್ಷೇತ್ರವೆಂಬುದು ಸಾಮಾನ್ಯ ಗ್ರಹಿಕೆ. ಆದರೆ ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಉದಾಹರಣೆ ಈ ಗ್ರಹಿಕೆಯನ್ನು ಪ್ರಶ್ನಿಸುತ್ತದೆ. ಅಲ್ಲಿ ನೆಲೆಸಿರುವ ಹಕ್ಕಿಪಿಕ್ಕಿ ಎಂಬ ಅಲೆಮಾರಿ ಮೂಲದ ಬುಡಕಟ್ಟು ಸಮುದಾಯವು ತಯಾರಿಸುವ ತಲೆಗೂದಲಿನ ಎಣ್ಣೆಯು ಕಳೆದ ಕೆಲವು ವರ್ಷಗಳಲ್ಲಿ ಅಂತರ್ಜಾಲದ ಪ್ರಚಾರದಿಂದಲೇ ದೇಶದ ಉದ್ದಗಲಕ್ಕೂ ಪರಿಚಿತವಾಯಿತು. ಈ ಬೆಳವಣಿಗೆಯನ್ನು ಹಠಾತ್ ಘಟನೆಯೆಂದು ನೋಡದೆ, ಒಂದು ಹಳೆಯ ಮೌಖಿಕ ಪರಂಪರೆಯ ಮುಂದುವರಿಕೆಯೆಂದು ನೋಡುವ ಪ್ರಯತ್ನವನ್ನು ಪ್ರಸ್ತುತ ಪ್ರಬಂಧದಲ್ಲಿ ಮಾಡಲಾಗಿದೆ. ಜೊತೆಗೆ, ಆ ಮುಂದುವರಿಕೆಯಲ್ಲಿ ಸಮುದಾಯವು ಪಡೆದದ್ದೇನು, ಕಳೆದುಕೊಳ್ಳುತ್ತಿರುವುದೇನು ಎಂಬ ಪ್ರಶ್ನೆಯನ್ನೂ ಎತ್ತಲಾಗಿದೆ.

ಸೀಮೆಯ ಸ್ವರೂಪ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ತಾಲ್ಲೂಕುಗಳು. ಒಂದು ಕಡೆ ನಾಗರಹೊಳೆಯ ಕಾಡು, ಇನ್ನೊಂದು ಕಡೆ ಕಾವೇರಿಯ ಗದ್ದೆ ಬಯಲು, ನಡುವೆ ಲಕ್ಷ್ಮಣತೀರ್ಥ ನದಿ. ಮೈಸೂರಿನಿಂದ ಮಡಿಕೇರಿಗೆ ಹೋಗುವ ದಾರಿ ಹುಣಸೂರಿನ ಮೂಲಕ ಹಾದುಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹುಣಸೂರು ಅಮೃತ್ ಮಹಲ್ ದನಗಳ ಇಲಾಖೆಯ ಕೇಂದ್ರವಾಗಿತ್ತು. ಚರ್ಮ ಹದಮಾಡುವ ಮತ್ತು ಕಂಬಳಿ ನೇಯುವ ಕೆಲಸಗಳು ಸೈನ್ಯದ ಅಗತ್ಯಕ್ಕಾಗಿ ಇಲ್ಲಿ ನಡೆದಿದ್ದವು. ಚುಂಚನಕಟ್ಟೆ, ಬೆಟ್ಟದಪುರಗಳ ಜಾತ್ರೆಗಳು ದನಗಳ ವ್ಯಾಪಾರಕ್ಕೆ ಹೆಸರಾದವು.

ಗಾವಡಗೆರೆಯು ಹುಣಸೂರು ತಾಲ್ಲೂಕಿನ ನಾಲ್ಕು ಹೋಬಳಿಗಳಲ್ಲಿ ಒಂದು; ಕಸಬಾ, ಬಿಳಿಕೆರೆ, ಹನಗೋಡು ಉಳಿದ ಮೂರು. ಗುರುಲಿಂಗ ಜಂಗಮ ದೇವರ ಮಠವಿರುವ ಊರು ಇದು. ಈ ಲೇಖಕನ ಬಾಲ್ಯದ ನೆನಪುಗಳು ಈ ಹೋಬಳಿಯ ಸಂತೆ ಜಾತ್ರೆಗಳಿಗೆ ಸೇರಿದವು. ರಾಗಿ, ಹುರುಳಿ, ಸೊಪ್ಪು, ಮಡಕೆ, ಹಗ್ಗಗಳ ಸಾಲುಗಳು ಮುಗಿದ ಕಡೆ, ಮರದ ನೆರಳಿನಲ್ಲಿ, ನೆಲದ ಮೇಲೆ ಬಟ್ಟೆ ಹಾಸಿ ಬೇರು ನಾರುಗಳನ್ನೂ ಎಣ್ಣೆಯ ಸೀಸೆಗಳನ್ನೂ ಇಟ್ಟುಕೊಂಡು ಮಾತನಾಡುವವರ ಸುತ್ತ ಗುಂಪು ಸೇರಿರುತ್ತಿತ್ತು. ಕೊಳ್ಳುವವರಿಗಿಂತ ಕೇಳುವವರೇ ಅಲ್ಲಿ ಹೆಚ್ಚು. ಅದೊಂದು ಅಂಗಡಿಯೂ ಹೌದು, ಆಟವೂ ಹೌದು.

ಈ ಸೀಮೆಯ ಮುಖ್ಯ ವಾಣಿಜ್ಯ ಬೆಳೆಯಾದ ವರ್ಜೀನಿಯಾ ತಂಬಾಕಿನ ಸಂಗತಿಯನ್ನು ಇಲ್ಲಿ ಹೋಲಿಕೆಗಾಗಿ ನೆನೆಯಬಹುದು. 1975ರ ಕಾಯಿದೆಯಂತೆ ಅಸ್ತಿತ್ವಕ್ಕೆ ಬಂದ ತಂಬಾಕು ಮಂಡಳಿಯು 1984ರಿಂದ ಕರ್ನಾಟಕದಲ್ಲಿ ಹರಾಜು ನಡೆಸುತ್ತಿದೆ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ ಮೊದಲಾದ ಕಡೆ ಹರಾಜು ಕಟ್ಟೆಗಳಿವೆ. ಬೆಳೆಗಾರನು ಬೇಲುಗಳನ್ನು ಕಟ್ಟೆಗೆ ತಂದಿಟ್ಟರೆ ಕೊಳ್ಳುವ ಕಂಪನಿಗಳೇ ಅಲ್ಲಿಗೆ ಬರುತ್ತವೆ. ಅವನು ತನ್ನ ಬೆಳೆಯ ಗುಣವನ್ನು ಯಾರಿಗೂ ಸಾರಿ ಹೇಳಬೇಕಾಗಿಲ್ಲ. ಅವನ ಹೆಸರು ಕೊನೆಯ ಗ್ರಾಹಕನಿಗೆ ತಿಳಿಯುವುದೂ ಇಲ್ಲ. ಭೂಮಿಯುಳ್ಳವನಿಗೆ ಮಾರುಕಟ್ಟೆ ತಾನಾಗಿ ಬಂತು. ಭೂಮಿಯಿಲ್ಲದ ಅಲೆಮಾರಿಯು ಮಾರುಕಟ್ಟೆಯನ್ನು ತನ್ನ ಬಾಯಿಂದಲೇ ಕಟ್ಟಿಕೊಳ್ಳಬೇಕಾಯಿತು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆ ಈ ಸಂದರ್ಭದಲ್ಲಿ ಅರ್ಥಪೂರ್ಣವಾಗುತ್ತದೆ.

ಬೇಟೆಯಿಂದ ಮಾರಾಟದ ಕಡೆಗೆ

ಹಕ್ಕಿಪಿಕ್ಕಿ ಎಂಬ ಹೆಸರು ಕನ್ನಡಿಗರು ಕೊಟ್ಟದ್ದು. ಹಕ್ಕಿ ಹಿಡಿಯುವವರು ಎಂಬುದು ಅದಕ್ಕೆ ಸಾಮಾನ್ಯವಾಗಿ ಹೇಳುವ ಅರ್ಥ. ಅವರ ಮನೆಮಾತಾದ ವಾಗ್ರಿ ಗುಜರಾತಿಗೆ ಹತ್ತಿರವಾದ ಇಂಡೋ-ಆರ್ಯನ್ ನುಡಿ. ಅದಕ್ಕೆ ತನ್ನದೇ ಆದ ಲಿಪಿಯ ಪರಂಪರೆಯಿಲ್ಲ. ಗುಜರಾಥಿಯಾ, ಮೇವಾರ, ಕಾಳಿವಾಲ, ಪನ್ವಾರ ಎಂಬ ಕುಲಗಳ ಹೆಸರುಗಳೇ ಪಶ್ಚಿಮ ಭಾರತದಿಂದ ದಕ್ಷಿಣಕ್ಕೆ ನಡೆದು ಬಂದ ದಾರಿಯನ್ನು ಸೂಚಿಸುತ್ತವೆ. ತಮಿಳು ನಾಡಿನಲ್ಲಿ ಇದೇ ಬಗೆಯ ಜನರನ್ನು ಕುರುವಿಕ್ಕಾರರೆಂದು ಕರೆಯಲಾಗಿದ್ದು, 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನರ ಸಂಪುಟಗಳಲ್ಲಿ ಅವರ ವಿವರಣೆಯಿದೆ. ಕರ್ನಾಟಕದಲ್ಲಿ ಹಕ್ಕಿಪಿಕ್ಕಿ ಸಮುದಾಯವು ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿದೆ. 2011ರ ಜನಗಣತಿಯ ಪ್ರಕಾರ ಅವರ ಸಂಖ್ಯೆ ಹನ್ನೆರಡು ಸಾವಿರದ ಆಸುಪಾಸಿನಲ್ಲಿದೆ. ಬನ್ನೇರುಘಟ್ಟದ ಬಳಿಯ ಕಾಲೊನಿ, ಶಿವಮೊಗ್ಗ ಮತ್ತು ಚನ್ನಗಿರಿ ಭಾಗದ ಕ್ಯಾಂಪುಗಳು, ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರ ಇವು ಅವರ ಮುಖ್ಯ ನೆಲೆಗಳಲ್ಲಿ ಕೆಲವು. ಪಕ್ಷಿರಾಜಪುರವೆಂಬ ಹೆಸರಿನಲ್ಲಿಯೇ ಅವರ ಹಳೆಯ ಕಸುಬಿನ ನೆನಪು ಉಳಿದಿದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಈ ಸಮುದಾಯದ ಚರಿತ್ರೆಯಲ್ಲಿ ಒಂದು ಮುಖ್ಯ ತಿರುವು. ಹಕ್ಕಿ ಹಿಡಿಯುವುದು, ಸಣ್ಣ ಬೇಟೆಯಾಡುವುದು ಕಾನೂನಿನ ದೃಷ್ಟಿಯಲ್ಲಿ ಅಪರಾಧವಾದವು. ಕಾಡಿನ ಸಂರಕ್ಷಣೆಗೆ ಈ ಕಾಯಿದೆ ಅಗತ್ಯವಾಗಿತ್ತೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದು ಒಂದು ಜನಾಂಗದ ಕುಲಕಸುಬನ್ನೂ ಕೊನೆಗಾಣಿಸಿತು. ಉಳಿದದ್ದು ಎರಡು ಸಂಗತಿಗಳು: ಗಿಡಮೂಲಿಕೆಗಳ ತಿಳಿವಳಿಕೆ ಮತ್ತು ಊರೂರು ತಿರುಗಿ ಅಪರಿಚಿತರೊಡನೆ ವ್ಯವಹರಿಸುವ ಜಾಣ್ಮೆ. ಮೂಲಿಕೆ, ಎಣ್ಣೆ, ಮಣಿಸರ, ಬಣ್ಣದ ಹೂಗಳ ಮಾರಾಟ ಅವರ ಬದುಕಿನ ಆಧಾರವಾಯಿತು.

ತಿರುಗಾಟದ ವ್ಯಾಪ್ತಿ ದೇಶದ ಗಡಿಗಳನ್ನೂ ದಾಟಿತು. ಆಫ್ರಿಕಾ ಖಂಡದ ಹಲವು ದೇಶಗಳಿಗೆ ಇವರು ಮೂಲಿಕೆ ಮತ್ತು ಎಣ್ಣೆಗಳನ್ನು ಮಾರಲು ಹೋಗಿಬರುತ್ತಿದ್ದ ಸಂಗತಿ ನಾಡಿನ ಗಮನಕ್ಕೆ ಬಂದದ್ದು 2023ರ ಏಪ್ರಿಲ್ ತಿಂಗಳಲ್ಲಿ. ಆ ತಿಂಗಳ 15ರಂದು ಸುಡಾನಿನಲ್ಲಿ ಅಂತರ್ಯುದ್ಧ ಆರಂಭವಾದಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಹಾಕಿಕೊಂಡರು. ಮೊದಲು ಸುದ್ದಿಯಾದ 31 ಮಂದಿಯಲ್ಲಿ ಹುಣಸೂರು ಭಾಗದವರೇ ಹೆಚ್ಚಾಗಿದ್ದರು. ಭಾರತ ಸರ್ಕಾರವು 'ಆಪರೇಷನ್ ಕಾವೇರಿ' ಎಂಬ ಕಾರ್ಯಾಚರಣೆಯ ಮೂಲಕ ಭಾರತೀಯರನ್ನು ಕರೆತಂದಿತು. ಓದುಬರಹ ಕಡಿಮೆಯಿರುವ ಬುಡಕಟ್ಟಿನವರು ಸುಡಾನಿಗೆ ಏಕೆ ಹೋಗಿದ್ದರು ಎಂದು ಆಗ ಅನೇಕರು ಆಶ್ಚರ್ಯಪಟ್ಟರು. ಮಾರಾಟದ ಮಾತನ್ನೇ ಬಂಡವಾಳ ಮಾಡಿಕೊಂಡ ಜನಕ್ಕೆ ಭಾಷೆ ಬಾರದ ನಾಡು ಹೊಸದೇನೂ ಅಲ್ಲ; ಅವರ ಪೂರ್ವಿಕರಿಗೆ ಕನ್ನಡ ನಾಡೂ ಒಂದು ಕಾಲದಲ್ಲಿ ಅಂಥದೇ ಆಗಿತ್ತು.

ಮಾರಾಟದ ಮಾತಿನ ರಚನೆ

ಸಂತೆಯ ಮೂಲಿಕೆ ಮಾರಾಟಗಾರನ ಮಾತನ್ನು ಗಮನವಿಟ್ಟು ಕೇಳಿದರೆ ಅದರಲ್ಲಿ ಐದು ಹಂತಗಳನ್ನು ಗುರುತಿಸಬಹುದು. ಮೊದಲನೆಯದು ಕರೆ. ಅಣ್ಣ, ಅಕ್ಕ, ಯಜಮಾನ ಎಂಬ ಸಂಬೋಧನೆಗಳಿಂದ ದಾರಿಹೋಕನನ್ನು ನಿಲ್ಲಿಸುವುದು. ಎರಡನೆಯದು ಕೊರತೆಯ ನಿರೂಪಣೆ. ಕೇಳುವವನಿಗೆ ಇರುವ ಅಥವಾ ಇರಬಹುದಾದ ತೊಂದರೆಯನ್ನು ಅವನಿಗೇ ವಿವರಿಸುವುದು. ಮೂರನೆಯದು ಪಟ್ಟಿ. ಬೇರು, ತೊಗಟೆ, ಎಲೆ, ಬೀಜಗಳ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಲಯಬದ್ಧವಾಗಿ ಹೇಳುವುದು. ಇಲ್ಲಿ ಅರ್ಥಕ್ಕಿಂತ ಸಂಖ್ಯೆ ಮುಖ್ಯ. ಪಟ್ಟಿ ಉದ್ದವಾದಷ್ಟೂ ನಂಬಿಕೆ ಬಲವಾಗುತ್ತದೆ. ನಾಲ್ಕನೆಯದು ಸಾಕ್ಷಿ. ವಾಸಿಯಾದವರ ಕಥೆ ಹೇಳುವುದು, ಗುಂಪಿನೊಳಗಿಂದ ಒಬ್ಬನು ಮುಂದೆ ಬಂದು ತನಗೆ ಗುಣವಾಯಿತೆಂದು ನುಡಿಯುವುದು. ಆ ಒಬ್ಬನು ಮಾರುವವನ ಕಡೆಯವನೇ ಆಗಿರುವುದೂ ಉಂಟು. ಸಂತೆಗೆ ಹೋಗುವವರಿಗೆ ಇದು ತಿಳಿಯದ ಗುಟ್ಟೇನಲ್ಲ. ಐದನೆಯದು ಅವಸರ. ಇವತ್ತು ಬಿಟ್ಟರೆ ಇಲ್ಲ, ಉಳಿದಿರುವುದು ಇಷ್ಟೇ ಸೀಸೆ, ನಾಳೆ ನಾವು ಬೇರೆ ಊರಿಗೆ ಹೋಗುತ್ತೇವೆ ಎಂಬ ಮುಕ್ತಾಯ.

ಇವುಗಳಲ್ಲಿ ಪಟ್ಟಿ ಮಾಡುವ ಕ್ರಮಕ್ಕೆ ಕನ್ನಡ ನಾಡಿನ ವ್ಯಾಪಾರ ಚರಿತ್ರೆಯಲ್ಲಿ ಹಳೆಯ ಹಿನ್ನೆಲೆಯಿದೆ. ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘದ ಶಾಸನಗಳಲ್ಲಿ ಅವರ ಗುಣಗಳು, ತಿರುಗಿದ ದೇಶಗಳು, ವ್ಯವಹರಿಸುವ ಸರಕುಗಳು ಉದ್ದನೆಯ ಪ್ರಶಸ್ತಿಗಳಾಗಿ ಬರುತ್ತವೆ. ದಾನದ ದಾಖಲೆಗೆ ಅಷ್ಟು ವಿವರ ಬೇಕಾಗಿರಲಿಲ್ಲ. ಆ ಪ್ರಶಸ್ತಿಯು ಓದಿ ಕೇಳುವವರಲ್ಲಿ ಸಂಘದ ಬಗ್ಗೆ ವಿಶ್ವಾಸ ಹುಟ್ಟಿಸುವ ಸಾಧನವೂ ಆಗಿತ್ತೆಂದು ಭಾವಿಸಲು ಅವಕಾಶವಿದೆ. ಕಲ್ಲಿನ ಮೇಲೆ ಬರೆಸಬಲ್ಲ ವರ್ತಕನಿಗೆ ಪ್ರಶಸ್ತಿ, ಬರೆಸಲಾರದ ಅಲೆಮಾರಿಗೆ ಕೂಗು. ಎರಡೂ ಮಾಡುವ ಕೆಲಸ ಒಂದೇ.

ಊರಿನ ಹೆಸರೇ ಮುದ್ರೆ

ಮುದ್ರಣ ಮಾಧ್ಯಮ ಬಂದ ಮೇಲೆ ಮೈಸೂರು ಸೀಮೆಯ ಪ್ರಚಾರದ ಕ್ರಮ ಬದಲಾಯಿತು. 1859ರಲ್ಲಿ ಮೈಸೂರು ವೃತ್ತಾಂತ ಬೋಧಿನಿ ಆರಂಭವಾದ ಮೇಲೆ ಪತ್ರಿಕೆಗಳು ಒಂದೊಂದಾಗಿ ಹುಟ್ಟಿಕೊಂಡವು. 1907ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಪ್ರಾರಂಭವಾದ ದಸರಾ ಕೈಗಾರಿಕಾ ವಸ್ತುಪ್ರದರ್ಶನವು ಜಾತ್ರೆಯನ್ನೇ ಪ್ರಚಾರದ ವೇದಿಕೆಯಾಗಿ ಬಳಸಿಕೊಂಡಿತು. 1913ರಲ್ಲಿ ನಂಜನಗೂಡಿನಲ್ಲಿ ಬಿ.ವಿ. ಪಂಡಿತರು ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿಯು ನಂಜನಗೂಡು ಹಲ್ಲುಪುಡಿಯೆಂದೇ ಮನೆಮಾತಾಯಿತು. 1916ರಲ್ಲಿ ಆರಂಭವಾದ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆಯ ಬೆನ್ನಿಗೆ ಬಂದ ಸಾಬೂನು ಮೈಸೂರು ಸ್ಯಾಂಡಲ್ ಎಂಬ ಹೆಸರನ್ನು ಪಡೆದು, ಶರಭದ ಲಾಂಛನವನ್ನು ಧರಿಸಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ಸರಕುಗಳ ಬಲವಿದ್ದದ್ದು ಊರಿನ ಹೆಸರಿನಲ್ಲಿ. ಮೈಸೂರು, ನಂಜನಗೂಡು ಎಂಬ ಹೆಸರುಗಳೇ ಗುಣದ ಖಾತರಿಯಾದವು. 1999ರಲ್ಲಿ ಅಂಗೀಕಾರವಾಗಿ 2003ರಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಿಕೆಗಳ ಕಾಯಿದೆಯು ಇಂಥ ಹೆಸರುಗಳಿಗೆ ಕಾನೂನಿನ ರಕ್ಷಣೆ ನೀಡಿತು. ಮೈಸೂರು ರೇಷ್ಮೆ, ಮೈಸೂರು ವೀಳ್ಯದೆಲೆ, ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆ ಮುಂತಾದವು ಹೀಗೆ ನೋಂದಣಿಯಾದವು. ನೆಲದಲ್ಲಿ ಬೇರೂರಿದವರ ಸರಕಿಗೆ ನೆಲದ ಹೆಸರು ಆಸರೆಯಾಯಿತು. ಆದರೆ ನೆಲವಿಲ್ಲದೆ ತಿರುಗಿದ ಜನರ ಸರಕಿಗೆ ಯಾವ ಹೆಸರು? ಈ ಪ್ರಶ್ನೆಗೆ ಮುಂದೆ ಮರಳಬೇಕಾಗುತ್ತದೆ.

ಶೋಧಯಂತ್ರವೆಂಬ ಸಂತೆ

ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು. ಜಾಲತಾಣಗಳ ಸಂಖ್ಯೆ ಬೆಳೆದಂತೆ ಬೇಕಾದುದನ್ನು ಹುಡುಕಿಕೊಡುವ ಯಂತ್ರಗಳು ಅಗತ್ಯವಾದವು. ಆರಂಭದ ಶೋಧಯಂತ್ರಗಳು ಬಹುಮಟ್ಟಿಗೆ ಪುಟದಲ್ಲಿರುವ ಪದಗಳನ್ನೇ ನೆಚ್ಚಿಕೊಂಡಿದ್ದವು. ಒಂದು ಪದ ಹೆಚ್ಚು ಬಾರಿ ಬಂದರೆ ಆ ಪುಟ ಮೇಲೆ ಬರುತ್ತಿತ್ತು. ಇದನ್ನರಿತ ವ್ಯಾಪಾರಿಗಳು ತಮ್ಮ ಸರಕಿನ ಹೆಸರನ್ನು ಪುಟದ ತುಂಬ ತುಂಬಿದರು. ಓದುಗನ ಕಣ್ಣಿಗೆ ಕಾಣದಂತೆ ಬಿಳಿಯ ಹಿನ್ನೆಲೆಯಲ್ಲಿ ಬಿಳಿಯ ಅಕ್ಷರಗಳಿಂದ ಬರೆದದ್ದೂ ಉಂಟು. ಸಂತೆಯಲ್ಲಿ ಎತ್ತರದ ದನಿಯಿಂದ ಒಂದೇ ಹೆಸರನ್ನು ಕೂಗುವ ಕ್ರಮಕ್ಕೂ ಇದಕ್ಕೂ ತಾತ್ವಿಕವಾಗಿ ಭೇದವಿಲ್ಲ.

1998ರಲ್ಲಿ ಸ್ಥಾಪನೆಯಾದ ಗೂಗಲ್ ಬೇರೊಂದು ತತ್ತ್ವವನ್ನು ತಂದಿತು. ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ರೂಪಿಸಿದ ಪೇಜ್‌ರ್‍ಯಾಂಕ್ ಕ್ರಮದಲ್ಲಿ ಒಂದು ಪುಟಕ್ಕೆ ಬೇರೆ ಪುಟಗಳಿಂದ ಬರುವ ಕೊಂಡಿಗಳನ್ನು ಸಾಕ್ಷಿಯೆಂದು ಪರಿಗಣಿಸಲಾಯಿತು. ಸಾಕ್ಷಿ ನುಡಿಯುವವನು ಎಷ್ಟು ಗಣ್ಯನೋ ಅವನ ಸಾಕ್ಷಿಗೆ ಅಷ್ಟು ತೂಕ. ಅಂದರೆ ಯಂತ್ರವು ಕೂಗಿನಿಂದ ಸಾಕ್ಷಿಯ ಕಡೆಗೆ ಸಾಗಿತು. ವ್ಯಾಪಾರಿಗಳೂ ಹಿಂದೆ ಬೀಳಲಿಲ್ಲ. ಕೊಂಡಿಗಳನ್ನು ಹಣಕೊಟ್ಟು ಕೊಳ್ಳುವುದು, ಒಬ್ಬರೇ ನೂರು ತಾಣಗಳನ್ನು ಮಾಡಿ ಒಂದರಿಂದ ಇನ್ನೊಂದಕ್ಕೆ ಕೊಂಡಿ ಹಾಕುವುದು ರೂಢಿಗೆ ಬಂದವು. ಗುಂಪಿನೊಳಗಿನ ಹುಸಿ ಸಾಕ್ಷಿಯ ಹೊಸ ರೂಪ ಇದು. ಪುಟದ ತಲೆಯಲ್ಲಿ ಅಡಗಿಸಿಡುವ ಪದಪಟ್ಟಿಯನ್ನು ಶ್ರೇಣಿ ನಿರ್ಣಯಕ್ಕೆ ಬಳಸುವುದಿಲ್ಲವೆಂದು ಗೂಗಲ್ 2009ರಲ್ಲಿ ಸ್ಪಷ್ಟಪಡಿಸಿತು. 2011ರ ಪಾಂಡಾ ಎಂಬ ಪರಿಷ್ಕರಣೆ ಸತ್ತ್ವವಿಲ್ಲದ ಬರಹವನ್ನೂ, 2012ರ ಪೆಂಗ್ವಿನ್ ಎಂಬುದು ಕೃತಕ ಕೊಂಡಿಗಳನ್ನೂ ಗುರುತಿಸಿ ಕೆಳಗಿಳಿಸಲು ಹೊರಟವು. ಇದರ ಜೊತೆಯಲ್ಲಿಯೇ, 2000ದಲ್ಲಿ ಆರಂಭವಾದ ಜಾಹೀರಾತು ವ್ಯವಸ್ಥೆಯ ಮೂಲಕ ಹಣ ಕೊಟ್ಟವರಿಗೆ ಫಲಿತಾಂಶಗಳ ಜೊತೆಗೇ ಜಾಗ ದೊರೆಯುವಂತಾಯಿತು. ಸಂತೆಯಲ್ಲಿ ಸುಂಕ ಕೊಟ್ಟು ಆಯಕಟ್ಟಿನ ಜಾಗ ಹಿಡಿಯುವ ಕ್ರಮವನ್ನು ಇದು ನೆನಪಿಗೆ ತರುತ್ತದೆ.

ಪಕ್ಷಿರಾಜಪುರದ ಎಣ್ಣೆ

2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಸೇವೆ ಆರಂಭವಾದ ಮೇಲೆ ಮೊಬೈಲ್ ಅಂತರ್ಜಾಲವು ಹಳ್ಳಿಗಳಿಗೂ ಅಗ್ಗವಾಗಿ ದೊರೆಯಿತು. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಕಾರಣದಿಂದ ದೇಶಾದ್ಯಂತ ಸಂಚಾರ ನಿಂತಿತು. ತಿರುಗಿ ಮಾರುವವರಿಗೆ ಇದಕ್ಕಿಂತ ದೊಡ್ಡ ಆಘಾತ ಬೇರೆಯಿರಲಾರದು. ಅದೇ ವರ್ಷದ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾಗಿ, ಜುಲೈ ತಿಂಗಳಲ್ಲಿ ಇನ್‌ಸ್ಟಾಗ್ರಾಂ ತನ್ನ ರೀಲ್ಸ್ ಎಂಬ ಕಿರು ದೃಶ್ಯಗಳ ಸೇವೆಯನ್ನು ಭಾರತದಲ್ಲಿ ಪ್ರಾರಂಭಿಸಿತು. ನಂತರದ ವರ್ಷಗಳಲ್ಲಿ ಹಕ್ಕಿಪಿಕ್ಕಿಗಳ ಎಣ್ಣೆಯು 'ಆದಿವಾಸಿ ಹೇರ್ ಆಯಿಲ್' ಎಂಬ ಹೆಸರಿನಲ್ಲಿ ಯೂಟ್ಯೂಬ್ ಮತ್ತು ಇನ್‌ಸ್ಟಾಗ್ರಾಂಗಳ ತುಂಬ ಕಾಣಿಸಿಕೊಂಡಿತು. ಹಿಂದಿ ಚಿತ್ರರಂಗ ಹಾಗೂ ಕಿರುತೆರೆಯ ಪರಿಚಿತ ಮುಖಗಳೂ ಅದರ ಪ್ರಚಾರದಲ್ಲಿ ಪಾಲ್ಗೊಂಡವು.

ಈ ದೃಶ್ಯಗಳನ್ನು ಜಾನಪದ ವಿದ್ಯಾರ್ಥಿಯು ನೋಡಿದಾಗ ಮೊದಲು ಕಾಣುವುದು ಸಂತೆಯ ಅದೇ ಐದು ಹಂತಗಳು. ಅಣ್ಣ ತಮ್ಮಂದಿರೆಂಬ ಸಂಬೋಧನೆ ಹಿಂದಿಯಲ್ಲಿ ಬರುತ್ತದೆ. ಕೂದಲು ಉದುರುವ ಕೊರತೆಯ ನಿರೂಪಣೆ ಬರುತ್ತದೆ. ದೊಡ್ಡ ಕಡಾಯಿಯಲ್ಲಿ ಎಣ್ಣೆ ಕಾಯುತ್ತಿರುವಾಗ ಮೂಲಿಕೆಗಳ ಪಟ್ಟಿ ಬರುತ್ತದೆ. ಪಟ್ಟಿಯನ್ನು ನೂರೆಂಟು ಎಂಬ ಪವಿತ್ರ ಸಂಖ್ಯೆಗೆ ಮುಟ್ಟಿಸಲಾಗುತ್ತದೆ. ಮೊಣಕಾಲು ಮುಟ್ಟುವ ಕೂದಲನ್ನು ಬಿಚ್ಚಿ ತೋರಿಸುವ ಹೆಂಗಸರು, ಗಂಡಸರು ಸಾಕ್ಷಿಯಾಗಿ ನಿಲ್ಲುತ್ತಾರೆ. ಕೊನೆಗೆ ದೂರವಾಣಿ ಸಂಖ್ಯೆಯೊಡನೆ ಅವಸರದ ಮುಕ್ತಾಯ. ಹಿರಿಯ ಮಗನು ಕೂದಲು ಕತ್ತರಿಸಬಾರದೆಂಬ ರೂಢಿ ಈ ಸಮುದಾಯದಲ್ಲಿ ಇದ್ದುದಾಗಿ ದಾಖಲಾಗಿದೆ. ಒಂದು ಕಾಲದಲ್ಲಿ ಕುಲದ ಗುರುತಾಗಿದ್ದ ಕೇಶವು ಈಗ ಸರಕಿನ ಸಾಕ್ಷಿಯಾಗಿದೆ.

ಇಲ್ಲಿ ಮುಖ್ಯವಾದದ್ದು, ಹುಡುಕುವವರ ಬೆರಳಿನ ತುದಿಗೆ ಬರುವ ಒಂದು ಪದಗುಚ್ಛವನ್ನು ಈ ಮಾರಾಟಗಾರರು ಸೃಷ್ಟಿಸಿದ್ದು. ಯಂತ್ರವು ಕೂಗಿಗಿಂತ ಸಾಕ್ಷಿಗೆ ಬೆಲೆ ಕೊಡುವ ಕಾಲದಲ್ಲಿ, ಸಾಕ್ಷಿ ಹೇಳುವ ಕಲೆಯನ್ನು ತಲೆಮಾರುಗಳಿಂದ ಬಲ್ಲವರು ಯಾವ ತರಬೇತಿಯೂ ಇಲ್ಲದೆ ಗೆದ್ದರು. ಗುಡಿಸಲುಗಳಲ್ಲಿದ್ದ ಹಲವರು ಮನೆ ಕಟ್ಟಿಕೊಂಡರು, ವಾಹನ ಕೊಂಡರು, ಮಕ್ಕಳನ್ನು ಓದಿಸುತ್ತಿದ್ದಾರೆ. ಇದು ಸಣ್ಣ ಸಂಗತಿಯಲ್ಲ.

ಆದರೆ ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಸಂತೆಯ ಕೇಳುಗನಿಗೆ ಮಾತಿನಲ್ಲಿ ಎಷ್ಟು ಆಟ, ಎಷ್ಟು ನಿಜ ಎಂಬ ಅಂದಾಜು ಇರುತ್ತಿತ್ತು. ಮಾತನಾಡುವವನೂ ಎದುರಿಗೇ ಇರುತ್ತಿದ್ದನು. ಸಾವಿರಾರು ಮೈಲಿ ದೂರದಲ್ಲಿ ತೆರೆಯ ಮೇಲೆ ನೋಡುವವನಿಗೆ ಆ ಸಂದರ್ಭವಿಲ್ಲ; ಅವನು ಆಟದ ಮಾತನ್ನು ಅಕ್ಷರಶಃ ತೆಗೆದುಕೊಳ್ಳುತ್ತಾನೆ. 1945ರ ಔಷಧ ನಿಯಮಗಳ 'ಜೆ' ಅನುಸೂಚಿಯು ಔಷಧದಿಂದ ಗುಣಪಡಿಸುವುದಾಗಿ ಹೇಳಿಕೊಳ್ಳಬಾರದ ತೊಂದರೆಗಳ ಪಟ್ಟಿಯನ್ನು ಕೊಡುತ್ತದೆ. ಬೊಕ್ಕತಲೆ ಮತ್ತು ಹೊಸ ಕೂದಲು ಬೆಳೆಸುವುದು ಆ ಪಟ್ಟಿಯಲ್ಲಿವೆ. ಕೂದಲಿಗೆ ಹಚ್ಚುವ ಎಣ್ಣೆಯನ್ನು ಮಾರುವುದು ಬೇರೆ, ಬೊಕ್ಕತಲೆಯಲ್ಲಿ ಕೂದಲು ಬರಿಸುತ್ತೇವೆನ್ನುವುದು ಬೇರೆ. ಸಂತೆಯ ಅತಿಶಯೋಕ್ತಿಗೆ ಯಾರೂ ಪುರಾವೆ ಕೇಳಲಿಲ್ಲ. ಅಂತರ್ಜಾಲದ ಅತಿಶಯೋಕ್ತಿಯು ದಾಖಲೆಯಾಗಿ ಉಳಿಯುತ್ತದೆ. ಸಮುದಾಯದ ಹಿತಚಿಂತಕರು ಈ ಎಚ್ಚರಿಕೆಯನ್ನು ಅವರಿಗೆ ತಲುಪಿಸಬೇಕಾಗಿದೆ. ಮೂಲಿಕೆಗಳ ತಿಳಿವಳಿಕೆಯ ಮೇಲಿನ ಗೌರವವು ಪುರಾವೆಯ ಅಗತ್ಯವನ್ನು ಇಲ್ಲವಾಗಿಸುವುದಿಲ್ಲ.

ಹೆಸರು ಯಾರದು?

ಪ್ರಚಾರ ಗೆದ್ದ ಮೇಲೆ ಹೆಸರು ಕೈತಪ್ಪುವ ಸಮಸ್ಯೆ ಎದುರಾಯಿತು. ಅದೇ ಹೆಸರನ್ನು ಹೊತ್ತ, ಅದೇ ಬಗೆಯ ಚಿತ್ರಗಳನ್ನು ಅಂಟಿಸಿಕೊಂಡ ಹಲವಾರು ಬಗೆಯ ಸೀಸೆಗಳು ಆನ್‌ಲೈನ್ ಮಾರುಕಟ್ಟೆಗಳಲ್ಲಿ ಮಾರಾಟಕ್ಕಿವೆ. ಇವುಗಳಲ್ಲಿ ಪಕ್ಷಿರಾಜಪುರದಿಂದ ಬಂದದ್ದು ಯಾವುದು, ಬೇರೆಲ್ಲೋ ತುಂಬಿದ್ದು ಯಾವುದು ಎಂದು ಕೊಳ್ಳುವವನಿಗೆ ತಿಳಿಯುವ ದಾರಿಯಿಲ್ಲ. ಶೋಧಯಂತ್ರವು ಮೊದಲು ತೋರಿಸುವುದು ಮೊದಲು ತಯಾರಿಸಿದವನನ್ನಲ್ಲ. ತನ್ನ ಲೆಕ್ಕಕ್ಕೆ ಹೊಂದುವ ಪುಟವನ್ನು. ಜಾಲತಾಣವನ್ನು ಹದವಾಗಿ ಕಟ್ಟಿಸಬಲ್ಲ, ಜಾಹೀರಾತಿಗೆ ಹಣ ಹಾಕಬಲ್ಲ ವರ್ತಕನಿಗೆ ಅಲ್ಲಿ ಅನುಕೂಲ ಹೆಚ್ಚು.

ಇದರ ಮೂಲ ಕಾರಣ ಆರಿಸಿಕೊಂಡ ಹೆಸರಿನಲ್ಲಿಯೇ ಇದೆ. ಆದಿವಾಸಿ ಎಂಬುದು ದೇಶದ ಎಲ್ಲ ಬುಡಕಟ್ಟುಗಳಿಗೂ ಸಲ್ಲುವ ಸಾಮಾನ್ಯ ಪದ. ಅದನ್ನು ಒಂದು ಗುಂಪು ತನ್ನದೆಂದು ಸಾಧಿಸುವುದು ಕಷ್ಟ. ಹಕ್ಕಿಪಿಕ್ಕಿ ಎಂಬ ಹೆಸರು ಹೊರಗಿನವರಿಗೆ ತಿಳಿಯದು; ವಾಗ್ರಿ ಎಂಬುದು ಇನ್ನೂ ತಿಳಿಯದು. ಹೆಚ್ಚು ಜನರು ಹುಡುಕುವ ಪದವನ್ನು ಆರಿಸಿಕೊಂಡರೆ ಗ್ರಾಹಕರು ಸಿಗುತ್ತಾರೆ, ಗುರುತು ಕಳೆಯುತ್ತದೆ. ತನ್ನದೇ ಪದವನ್ನು ಆರಿಸಿಕೊಂಡರೆ ಗುರುತು ಉಳಿಯುತ್ತದೆ, ಗ್ರಾಹಕರು ಸಿಗುವುದಿಲ್ಲ. ಈ ಇಕ್ಕಟ್ಟು ಅಂತರ್ಜಾಲ ವ್ಯಾಪಾರದಲ್ಲಿ ಎಲ್ಲರಿಗೂ ಇದ್ದದ್ದೇ ಆದರೂ, ಹೆಸರನ್ನು ಬಿಟ್ಟು ಬೇರೆ ಆಸ್ತಿಯಿಲ್ಲದವರಿಗೆ ಅದರ ಪೆಟ್ಟು ಹೆಚ್ಚು. ಪ್ರಚಾರದ ದೃಶ್ಯಗಳಲ್ಲಿ ಗರಿಯ ಕಿರೀಟ, ಬಣ್ಣದ ಮಣಿಗಳು ಎದ್ದುಕಾಣುವುದಕ್ಕೂ ಇದೇ ಕಾರಣವೆಂದು ತೋರುತ್ತದೆ. ಆದಿವಾಸಿ ಹೀಗಿರಬೇಕೆಂದು ನೋಡುಗನು ಕಲ್ಪಿಸಿಕೊಂಡಂತೆ ವೇಷ ರೂಪುಗೊಳ್ಳುತ್ತದೆ. ಮುಂದಿನ ಪೀಳಿಗೆಯು ಈ ವೇಷವನ್ನೇ ತನ್ನ ಸಂಸ್ಕೃತಿಯೆಂದು ತಿಳಿಯುವ ಅಪಾಯವಿದೆ.

ಪರಿಹಾರದ ದಾರಿಗಳನ್ನು ಯೋಚಿಸಬಹುದು. ಭೌಗೋಳಿಕ ಸೂಚಿಕೆಯು ನೆಲಕ್ಕೂ ಸರಕಿಗೂ ಇರುವ ಸಂಬಂಧವನ್ನು ಬೇಡುವುದರಿಂದ ಅದು ಇವರಿಗೆ ಸುಲಭವಾಗಿ ಒದಗದು. 1999ರ ವ್ಯಾಪಾರ ಚಿಹ್ನೆಗಳ ಕಾಯಿದೆಯಲ್ಲಿ ಸಂಘವೊಂದರ ಸದಸ್ಯರೆಲ್ಲರೂ ಬಳಸಬಹುದಾದ ಸಾಮೂಹಿಕ ಚಿಹ್ನೆಗೆ ಅವಕಾಶವಿದೆ. ಪಕ್ಷಿರಾಜಪುರವೆಂಬ ಊರಿನ ಹೆಸರನ್ನೂ ಹಕ್ಕಿಪಿಕ್ಕಿ ಎಂಬ ಸಮುದಾಯದ ಹೆಸರನ್ನೂ ಕೂಡಿಸಿ ಅಂಥದೊಂದು ಚಿಹ್ನೆಯನ್ನು ಪಡೆಯಲು ಸಾಧ್ಯವಾದರೆ, ನಂಜನಗೂಡಿನ ಹಲ್ಲುಪುಡಿಗೆ ಒದಗಿದ ಹೆಸರಿನ ಬಲ ಈ ಎಣ್ಣೆಗೂ ಒದಗಬಹುದು.

ಕನ್ನಡದ ಗೈರುಹಾಜರಿ

ಈ ಪ್ರಸಂಗದಲ್ಲಿ ಕನ್ನಡಕ್ಕೆ ಸಂಬಂಧಿಸಿದ ಒಂದು ಮಾತನ್ನು ಸೇರಿಸುವುದು ಅಗತ್ಯ. ಕನ್ನಡವು 1996ರಷ್ಟು ಹಿಂದೆಯೇ ಯು.ಬಿ. ಪವನಜ ಅವರ ವಿಶ್ವಕನ್ನಡದ ಮೂಲಕ ಅಂತರ್ಜಾಲವನ್ನು ಪ್ರವೇಶಿಸಿತು. 1998ರಲ್ಲಿ ಬರಹ, ಅನಂತರ ನುಡಿ ತಂತ್ರಾಂಶಗಳು ಕನ್ನಡದ ಬರವಣಿಗೆಯನ್ನು ಸುಲಭಗೊಳಿಸಿದವು. ಆದರೆ ಆ ಕಾಲದ ಬಹುಪಾಲು ಬರಹ ಯೂನಿಕೋಡ್ ಅಲ್ಲದ ಸಂಕೇತಗಳಲ್ಲಿದ್ದುದರಿಂದ ಕಣ್ಣಿಗೆ ಕನ್ನಡವಾಗಿ ಕಂಡರೂ ಶೋಧಯಂತ್ರಕ್ಕೆ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಉಳಿಯಿತು. ಹೀಗಾಗಿ ಒಂದು ದಶಕದ ಕನ್ನಡ ಬರಹದ ದೊಡ್ಡ ಭಾಗ ಹುಡುಕುವವನಿಗೆ ಸಿಗದಾಯಿತು. ಗಾವಡಗೆರೆಯಂಥ ಊರಿನ ಹೆಸರನ್ನು ರೋಮನ್ ಲಿಪಿಯಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುವುದರಿಂದ ಆ ದಾರಿಯೂ ಸುಗಮವಾಗಿಲ್ಲ.

ಹುಡುಕುವ ಯಂತ್ರದಲ್ಲಿ ನಾವು ಇಲ್ಲದಿದ್ದರೆ ನಮ್ಮ ಬಗ್ಗೆ ಬೇರೆಯವರು ಹೇಳಿದ್ದೇ ನಿಲ್ಲುತ್ತದೆ. 2021ರ ಜೂನ್ ತಿಂಗಳಲ್ಲಿ ಭಾರತದ ಅತ್ಯಂತ ಕುರೂಪವಾದ ಭಾಷೆ ಯಾವುದೆಂಬ ಪ್ರಶ್ನೆಗೆ ಗೂಗಲ್ ಕನ್ನಡವೆಂದು ಉತ್ತರ ತೋರಿಸಿತು. ಭಾಷಾಧ್ಯಯನಕ್ಕೆ ಸಂಬಂಧವೇ ಇಲ್ಲದ ಯಾವುದೋ ಪುಟದ ಸಾಲೊಂದನ್ನು ಯಂತ್ರವು ಎತ್ತಿ ಮೇಲಿಟ್ಟಿತ್ತು. ನಾಡಿನಾದ್ಯಂತ ಪ್ರತಿಭಟನೆ ವ್ಯಕ್ತವಾಯಿತು. ಗೂಗಲ್ ಕ್ಷಮೆ ಕೇಳಿ ಆ ಉತ್ತರವನ್ನು ತೆಗೆದುಹಾಕಿತು. ಮೊದಲ ಸ್ಥಾನವು ಸತ್ಯದ ಸ್ಥಾನವಲ್ಲವೆಂಬುದು ಅಂದು ಕನ್ನಡಿಗರೆಲ್ಲರಿಗೂ ತಿಳಿಯಿತು. ನಾಲ್ಕು ಕೋಟಿಗೂ ಹೆಚ್ಚು ಜನರ ಭಾಷೆಗೆ ಪ್ರತಿಭಟ���ಸುವ ದನಿಯಿತ್ತು. ಹನ್ನೆರಡು ಸಾವಿರ ಜನರ ಸಮುದಾಯದ ಬಗ್ಗೆ ಯಂತ್ರವು ತಪ್ಪಾಗಿ ಹೇಳಿದರೆ ಕೇಳುವವರು ಯಾರು?

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಅಂತರ್ಜಾಲದ ಪ್ರಚಾರವು ಜನಪದ ಪರಂಪರೆಗೆ ಹೊರಗಿನದಲ್ಲ. ಹಕ್ಕಿಪಿಕ್ಕಿ ಸಮುದಾಯದ ಮಟ್ಟಿಗೆ ಅದು ಸಂತೆಯ ಮಾತಿನ ನೇರ ಮುಂದುವರಿಕೆ. ಕರೆ, ಕೊರತೆ, ಪಟ್ಟಿ, ಸಾಕ್ಷಿ, ಅವಸರ ಎಂಬ ಐದು ಹಂತಗಳು ಮಾಧ್ಯಮ ಬದಲಾದರೂ ಉಳಿದುಬಂದಿವೆ. ಬದಲಾದದ್ದು ಮಾತನಾಡುವವನಿಗೂ ಕೇಳುವವನಿಗೂ ಇದ್ದ ಮುಖಾಮುಖಿ ಸಂಬಂಧ. ಆ ಸಂಬಂಧ ಕಡಿದಾಗ ಅತಿಶಯೋಕ್ತಿಯು ಸುಳ್ಳಿನ ಆರೋಪಕ್ಕೂ, ಹೆಸರು ಅಪಹರಣಕ್ಕೂ ಈಡಾಗುತ್ತವೆ.

ಜಾನಪದ ಸಂಶೋಧಕರ ಮುಂದೆ ಎರಡು ಕೆಲಸಗಳಿವೆ. ಮೊದಲನೆಯದು, ಸಂತೆಯಲ್ಲಿ ಮಾತನಾಡುತ್ತಿದ್ದ ಹಿರಿಯ ತಲೆಮಾರಿನವರು ಇರುವಾಗಲೇ ಅವರ ಮಾರಾಟದ ಮಾತನ್ನು ವಾಗ್ರಿ, ಕನ್ನಡ, ಹಿಂದಿ ಮೂರೂ ನುಡಿಗಳಲ್ಲಿ ಧ್ವನಿಮುದ್ರಿಸಿ ಲಿಪ್ಯಂತರಿಸುವುದು. ಎರಡನೆಯದು, ಜಾಲದಲ್ಲಿರುವ ಪ್ರಚಾರ ದೃಶ್ಯಗಳನ್ನೂ ಜಾನಪದ ಸಾಮಗ್ರಿಯೆಂದು ಪರಿಗಣಿಸಿ ಸಂಗ್ರಹಿಸುವುದು. ತಾಳೆಗರಿಗಿಂತ, ಕಾಗದಕ್ಕಿಂತ ಅವು ಬೇಗ ಅಳಿಯುತ್ತವೆ. ಖಾತೆ ಮುಚ್ಚಿದ ದಿನ ಅವೂ ಇಲ್ಲವಾಗುತ್ತವೆ. ಈ ಸಂಗ್ರಹವನ್ನು ಯೂನಿಕೋಡ್ ಕನ್ನಡದಲ್ಲಿ, ಸಮುದಾಯದ ಒಪ್ಪಿಗೆಯೊಡನೆ, ಹುಡುಕಿದವರಿಗೆ ಸಿಗುವಂತೆ ಪ್ರಕಟಿಸುವುದು ವಿಶ್ವವಿದ್ಯಾನಿಲಯಗಳ ಹಾಗೂ ಅಕಾಡೆಮಿಗಳ ಹೊಣೆ. ಮಾರುವವರ ಮಾತನ್ನು ಇಷ್ಟು ದಿನ ನಾವು ದಾರಿಯಲ್ಲಿ ನಿಂತು ಕೇಳಿ ಮುಂದೆ ಹೋಗಿದ್ದೇವೆ. ಅದನ್ನು ಬರೆದಿಡುವ ಕಾಲ ಈಗ ಬಂದಿದೆ.